ಮುಟ್ಟುವ ಮುನ್ನ ಒಂದು ಮಾತು

ತನ್ನ ಭಯಕ್ಕೆ ಕಾರಣವೇನೆಂದು ರೋಗಿ ವಿವರಿಸಿದ ಮೇಲೆಯೇ ಅವನಿಗೆ ಮರ್ಯಾದೆ ಸಲ್ಲಬೇಕೆ? ಅಥವಾ ಕಾರಣ ಹೇಳದಿದ್ದರೂ, ಹೇಳಲು ಬಾರದಿದ್ದರೂ, ಆ ಮರ್ಯಾದೆ ಅವನ ಹಕ್ಕೆ? ಪ್ರಶ್ನೆ ಸಣ್ಣದೆಂದು ತೋರಬಹುದು. ಕೆಲವು ವರ್ಷಗಳ ಹಿಂದಿನವರೆಗೆ ನಾನೂ ಹಾಗೆಯೇ ತಿಳಿದಿದ್ದೆ. ಊರಿನಿಂದ ಚಿಕಿತ್ಸೆಗೆಂದು ಬಂದ ದೊಡ್ಡವ್ವನನ್ನು ಮುಂಬಯಿಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದ ದಿನ ಆ ತಿಳಿವಳಿಕೆ ಅಲುಗಾಡಿತು. ಅಂದಿನಿಂದ ಓದಿದ್ದನ್ನು, ಯೋಚಿಸಿದ್ದನ್ನು ಸಂಘದ ಬಂಧುಗಳ ಮುಂದಿಡುವುದೇ ಈ ಬರಹದ ಉದ್ದೇಶ.

ದೊಡ್ಡವ್ವ ಗದಗಿನ ಕಡೆಯ ಹಳ್ಳಿಯವಳು. ಆಗ ಅವಳಿಗೆ ಅರವತ್ತೆಂಟು ದಾಟಿತ್ತು. ನಾಲ್ಕು ಹೆಜ್ಜೆ ನಡೆದರೆ ಎದೆ ಒತ್ತಿದಂತಾಗುತ್ತಿತ್ತು. ಊರಿನಲ್ಲಿ ಡಾಕ್ಟರ ಹೆಸರೆತ್ತಿದರೆ ಸಾಕು, "ನಾ ಒಲ್ಲೆ" ಎಂದು ಎದ್ದು ಹೋಗುತ್ತಿದ್ದಳಂತೆ. ಹಟಮಾರಿ ಎಂದು ಮನೆಯವರೆಲ್ಲ ಕೈಬಿಟ್ಟಿದ್ದರು. ನಾನು ಪುಸಲಾಯಿಸಿ ಮುಂಬಯಿಗೆ ಕರೆತಂದೆ. ಡಾಕ್ಟರು ನೋಡಿ, ಮೊದಲು ಇ.ಸಿ.ಜಿ. ತೆಗೆಸಿಕೊಂಡು ಬನ್ನಿ ಎಂದರು. ಆ ಕೋಣೆಯಲ್ಲಿ ಒಂದು ಮಂಚ, ಒಂದು ಪರದೆ, ಒಬ್ಬ ತರುಣ ಟೆಕ್ನಿಶಿಯನ್. ಹೊರಗೆ ಇಪ್ಪತ್ತು ಮೂವತ್ತು ಜನರ ಸಾಲು. ಅವನು ದೊಡ್ಡವ್ವನನ್ನು ಮಲಗಿಸಿ, ಬಾಗಿಲು ಮುಚ್ಚಿ, ಒಂದು ಮಾತೂ ಆಡದೆ ಸೆರಗಿಗೆ ಕೈ ಹಾಕಿದ. ಅವನ ಮಟ್ಟಿಗೆ ಅದು ಆ ದಿನದ ನಲವತ್ತನೆಯದೋ ಐವತ್ತನೆಯದೋ ಕೆಲಸ. ದೊಡ್ಡವ್ವ ಕಿರುಚಿದಳು. ಎಂಥ ಕಿರುಚಾಟವೆಂದರೆ ಸಾಲಿನಲ್ಲಿದ್ದವರೆಲ್ಲ ಬಾಗಿಲಿಗೆ ಬಂದು ಇಣುಕಿದರು. ನಾನು ಒಳಗೆ ಹೋದಾಗ ಅವಳು ಗೋಡೆಯ ಮೂಲೆಯಲ್ಲಿ ಮುದುಡಿ ಕುಳಿತು, ಎರಡೂ ಕೈಗಳಿಂದ ಸೆರಗನ್ನು ಎದೆಗೆ ಬಿಗಿದುಕೊಂಡಿದ್ದಳು.

ಟೆಕ್ನಿಶಿಯನ್ ಬೆವರಿದ್ದ. ಏನೂ ಮಾಡಲಿಲ್ಲವೆಂದು ಹಿಂದಿಯಲ್ಲಿ ಎಲ್ಲರಿಗೂ ಹೇಳುತ್ತಿದ್ದ. ಅವನು ಹೇಳಿದ್ದು ನಿಜ. ಯಾರೋ "ಗಾಂವ್ ಕೇ ಲೋಗ್" ಎಂದು ನಕ್ಕರು. ನನಗೆ ಅವಮಾನವಾಯಿತು. ನನ್ನ ಸಿಟ್ಟು ಅವನ ಮೇಲೂ ಹರಿಯಲಿಲ್ಲ, ನಕ್ಕವರ ಮೇಲೂ ಹರಿಯಲಿಲ್ಲ. "ದೊಡ್ಡವ್ವಾ, ನಾಕ ಮಂದ್ಯಾಗ ನನ್ನ ಮಾನ ತಗೀಬ್ಯಾಡ" ಎಂದು ಅವಳನ್ನೇ ಗದರಿದೆ. ಅವಳು ಏನೂ ಅನ್ನಲಿಲ್ಲ. ಮನೆಗೆ ಬರುವ ತನಕ ಟ್ಯಾಕ್ಸಿಯ ಕಿಟಕಿಯಿಂದ ಹೊರಗೆ ನೋಡುತ್ತಲೇ ಇದ್ದಳು. ಮುಂದೆ ಹನ್ನೊಂದು ದಿನ ಆಸ್ಪತ್ರೆಯ ಮಾತೆತ್ತಗೊಡಲಿಲ್ಲ. ಆ ಹನ್ನೊಂದು ದಿನಗಳಲ್ಲಿ ಎರಡು ರಾತ್ರಿ ಎದೆನೋವಿನಿಂದ ಎದ್ದು ಕುಳಿತಿದ್ದಳು.

ಕೊನೆಗೆ ನನ್ನ ಹೆಂಡತಿ ಅವಳನ್ನು ಒಪ್ಪಿಸಿ ಬೇರೊಂದು ಸಣ್ಣ ಆಸ್ಪತ್ರೆಗೆ ಕರೆದೊಯ್ದಳು. ನಾನೂ ಜೊತೆಗಿದ್ದೆ. ಅಲ್ಲಿದ್ದ ವಯಸ್ಸಾದ ನರ್ಸ್‌ಗೆ ಕನ್ನಡ ಬರುತ್ತಿರಲಿಲ್ಲ. ಆಕೆ ಮೊದಲು ನನ್ನನ್ನು ಹೊರಗೆ ಕೂರಿಸಿದರು. ದೊಡ್ಡವ್ವನ ಪಕ್ಕದಲ್ಲಿ ಕುಳಿತು, ಏನು ಮಾಡಲಿದ್ದೇನೆ, ಎಲ್ಲೆಲ್ಲಿ ಮುಟ್ಟಬೇಕಾಗುತ್ತದೆ, ಎಷ್ಟು ಹೊತ್ತು ಎಂದು ಹಿಂದಿಯಲ್ಲಿ ಹೇಳಿದರು. ಹೆಂಡತಿ ಕನ್ನಡದಲ್ಲಿ ಹೇಳಿದಳು. ಯಂತ್ರದ ಹಿಡಿಕೆಯನ್ನು ಮೊದಲು ತಮ್ಮ ಮಣಿಕಟ್ಟಿಗೇ ಸಿಕ್ಕಿಸಿ ತೋರಿಸಿದರು. ಬಾಗಿಲು ಮುಚ್ಚಲೇ, ಸ್ವಲ್ಪ ತೆರೆದಿರಲೇ ಎಂದು ಕೇಳಿದರು. ಸೊಸೆ ತಲೆಯ ಹತ್ತಿರ ನಿಂತಿರಲಿ ಎಂದರು. "ಬೇಡವೆನಿಸಿದರೆ ಕೈ ಎತ್ತಿ, ನಿಲ್ಲಿಸಿಬಿಡುತ್ತೇನೆ" ಎಂದರು. ದೊಡ್ಡವ್ವ ಕೈ ಎತ್ತಲಿಲ್ಲ. ಐದೇ ನಿಮಿಷದಲ್ಲಿ ಕೆಲಸ ಮುಗಿಯಿತು. ಕಾಗದದಲ್ಲಿ ದೋಷ ಕಂಡುಬಂತು, ಚಿಕಿತ್ಸೆ ಶುರುವಾಯಿತು.

ಆ ರಾತ್ರಿ ಅಡುಗೆಮನೆಯಲ್ಲಿ ದೊಡ್ಡವ್ವ ನನ್ನ ಹೆಂಡತಿಗೆ ಬಹಳ ಹೊತ್ತು ಏನೋ ಹೇಳಿದಳು. ಏನೆಂದು ಕೇಳಿದಾಗ, "ಅದು ನಿಮಗ ಹೇಳೂದಲ್ಲ" ಎಂದು ಹೆಂಡತಿ ದೀಪ ಆರಿಸಿದಳು. ಇಂದಿಗೂ ನನಗೆ ತಿಳಿದಿಲ್ಲ, ತಿಳಿಯಬೇಕೆಂಬ ಹಟವೂ ಈಗ ಇಲ್ಲ. ಆದರೆ ಒಂದು ಸಂಗತಿ ಮಾತ್ರ ಮನಸ್ಸಿನಲ್ಲಿ ನಾಟಿಕೊಂಡಿತು. ಆ ನರ್ಸ್‌ಗೂ ಅದು ತಿಳಿದಿರಲಿಲ್ಲ. ತಿಳಿಯದೆಯೇ ಆಕೆ ಸರಿಯಾಗಿ ನಡೆದುಕೊಂಡರು. ಅದು ಹೇಗೆ ಸಾಧ್ಯವಾಯಿತು?

ಇದಕ್ಕೆ ಉತ್ತರವಾಗಿ ವೈದ್ಯಕೀಯದಲ್ಲಿ ಒಂದು ವಿಚಾರಧಾರೆಯೇ ಬೆಳೆದಿದೆ. ಅದನ್ನು ಟ್ರಾಮಾ-ಇನ್ಫಾರ್ಮ್ಡ್ ಕೇರ್ ಎನ್ನುತ್ತಾರೆ. ಕನ್ನಡದಲ್ಲಿ ಆಘಾತದ ಅರಿವುಳ್ಳ ಆರೈಕೆ ಎನ್ನಬಹುದು. ಟ್ರಾಮಾ ಎಂದರೆ ಗ್ರೀಕ್ ಭಾಷೆಯಲ್ಲಿ ಗಾಯ. ಮೈಮೇಲಿನ ಗಾಯಕ್ಕಿದ್ದ ಹೆಸರು ಕ್ರಮೇಣ ಮನಸ್ಸಿನ ಗಾಯಕ್ಕೂ ಬಂತು. ಬರಲು ಬಹಳ ಕಾಲ ಹಿಡಿಯಿತು. ಮೊದಲ ಮಹಾಯುದ್ಧದಲ್ಲಿ ಗುಂಡು ತಾಗದೆಯೂ ನಡುಗುತ್ತಿದ್ದ, ಮಾತು ಕಳೆದುಕೊಂಡ ಸೈನಿಕರನ್ನು ಕಂಡು ಬ್ರಿಟಿಷ್ ವೈದ್ಯ ಚಾರ್ಲ್ಸ್ ಮೈಯರ್ಸ್ 1915ರಲ್ಲಿ 'ಶೆಲ್ ಶಾಕ್' ಎಂಬ ಮಾತನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಳಸಿದ. ವೈದ್ಯರಿಗೆ ಅದು ಕಾಯಿಲೆಯಾಗಿ ಕಾಣತೊಡಗಿದರೂ ಸೇನೆಗೆ ಅದು ಹೇಡಿತನವಾಗಿಯೇ ಕಂಡಿತು. ಆ ಯುದ್ಧದಲ್ಲಿ ಪಲಾಯನ, ಹೇಡಿತನ ಮೊದಲಾದ ಆರೋಪಗಳ ಮೇಲೆ ಗುಂಡಿಗೆ ಬಲಿಯಾದ 306 ಸೈನಿಕರಿಗೆ ಬ್ರಿಟನ್ ಸರ್ಕಾರ ಕ್ಷಮೆ ನೀಡಿದ್ದು 2006ರಲ್ಲಿ. ಅವರಲ್ಲಿ ಕೆಲವರಾದರೂ ಹೇಡಿಗಳಾಗಿರಲಿಲ್ಲ, ಗಾಯಗೊಂಡವರಾಗಿದ್ದರು. ವಿಯಟ್ನಾಂ ಯುದ್ಧದಿಂದ ಹಿಂತಿರುಗಿದವರ ಪಾಡನ್ನು ಕಂಡ ಮೇಲೆ, 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಆಘಾತೋತ್ತರ ಮನೋವ್ಯಾಧಿಯನ್ನು ತನ್ನ ರೋಗಗಳ ಪಟ್ಟಿಗೆ ಸೇರಿಸಿತು.

ಆದರೆ ಗಾಯ ರಣರಂಗದಲ್ಲಿ ಮಾತ್ರ ಆಗುತ್ತದೆಯೆ? 1980ರ ದಶಕದಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ನಗರದಲ್ಲಿ ವಿನ್ಸೆಂಟ್ ಫೆಲಿಟಿ ಎಂಬ ವೈದ್ಯರು ಸ್ಥೂಲಕಾಯದವರ ಚಿಕಿತ್ಸಾಲಯ ನಡೆಸುತ್ತಿದ್ದರು. ತೂಕ ಇಳಿಯದವರಲ್ಲ, ಚೆನ್ನಾಗಿ ಇಳಿಯುತ್ತಿದ್ದವರೇ ಅರ್ಧಕ್ಕೆ ಬಿಟ್ಟು ಹೋಗುತ್ತಿದ್ದುದು ಅವರಿಗೆ ಒಗಟಾಯಿತು. ಕರೆದು ವಿಚಾರಿಸಿದಾಗ ಎಷ್ಟೋ ಮಂದಿ ಬಾಲ್ಯದಲ್ಲಿ ದೌರ್ಜನ್ಯಕ್ಕೆ ತುತ್ತಾದವರೆಂದು ಹೊರಬಿತ್ತು. ಕೆಲವರಿಗೆ ದಪ್ಪ ಮೈಯೇ ರಕ್ಷಣೆಯ ಗೋಡೆಯಾಗಿತ್ತು. ವೈದ್ಯರು ಯಾವುದನ್ನು ರೋಗವೆಂದುಕೊಂಡಿದ್ದರೋ ರೋಗಿಗೆ ಅದೇ ಆಸರೆ! ಮುಂದೆ ಫೆಲಿಟಿ ಮತ್ತು ರಾಬರ್ಟ್ ಆಂಡಾ ಸಾವಿರಾರು ಜನರನ್ನು ವಿಚಾರಿಸಿದರು. 1998ರಲ್ಲಿ ಪ್ರಕಟವಾದ ಮೊದಲ ವರದಿಯಲ್ಲಿ 9,508 ಮಂದಿಯ ಉತ್ತರಗಳಿದ್ದವು. ಅವರಲ್ಲಿ ಅರ್ಧಕ್ಕೂ ಹೆಚ್ಚು ಜನ ಬಾಲ್ಯದಲ್ಲಿ ಏಟು, ಅವಮಾನ, ಲೈಂಗಿಕ ದೌರ್ಜನ್ಯ, ಮನೆಯಲ್ಲಿ ಕುಡಿತ, ತಾಯಿಗೆ ಬೀಳುವ ಹೊಡೆತ ಇಂಥವುಗಳಲ್ಲಿ ಒಂದನ್ನಾದರೂ ಕಂಡವರು. ನಾಲ್ಕು ಅಥವಾ ಹೆಚ್ಚು ಬಗೆಯ ಕಷ್ಟ ಕಂಡವರಲ್ಲಿ, ಏನೂ ಕಾಣದವರಿಗಿಂತ, ಕುಡಿತ, ಮಾದಕ ವ್ಯಸನ, ಖಿನ್ನತೆ, ಆತ್ಮಹತ್ಯೆಯ ಯತ್ನ ಇವುಗಳ ಅಪಾಯ ನಾಲ್ಕರಿಂದ ಹನ್ನೆರಡು ಪಟ್ಟು ಹೆಚ್ಚಾಗಿತ್ತು. ಹೃದ್ರೋಗ, ಶ್ವಾಸಕೋಶದ ರೋಗಗಳಿಗೂ ಈ ಅನುಭವಗಳಿಗೂ ನಂಟು ಕಂಡುಬಂತು.

ಈ ಎಲ್ಲದರಿಂದ ಒಂದು ಸರಳವಾದ ತಿರುವು ಹುಟ್ಟಿತು. 'ನಿನಗೇನು ಕೇಡು ಬಂದಿದೆ?' ಎಂದು ಕೇಳುವ ಬದಲು 'ನಿನಗೇನಾಗಿದ್ದಿರಬಹುದು?' ಎಂಬ ಯೋಚನೆಯನ್ನು ವೈದ್ಯ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. 2001ರಲ್ಲಿ ಮ್ಯಾಕ್ಸಿನ್ ಹ್ಯಾರಿಸ್ ಮತ್ತು ರೋಜರ್ ಫ್ಯಾಲಟ್ ಎಂಬವರು ಇಡೀ ಸಂಸ್ಥೆಯೇ ಈ ರೀತಿ ನಡೆಯಬೇಕೆಂದು ಪುಸ್ತಕ ಬರೆದರು. 2014ರಲ್ಲಿ ಅಮೆರಿಕ ಸರ್ಕಾರದ ಮಾನಸಿಕ ಆರೋಗ್ಯ ಇಲಾಖೆ ಅದಕ್ಕೆ ಆರು ತತ್ವಗಳನ್ನು ಹೇಳಿತು. ಸುರಕ್ಷತೆ, ಮುಚ್ಚುಮರೆಯಿಲ್ಲದ ನಂಬಿಕೆ, ಸಮಾನದುಃಖಿಗಳ ಆಸರೆ, ಕೂಡಿ ಕೆಲಸ ಮಾಡುವುದು, ರೋಗಿಯ ಮಾತಿಗೂ ಆಯ್ಕೆಗೂ ಬೆಲೆ, ಅವನ ಸಂಸ್ಕೃತಿ ಮತ್ತು ಹಿನ್ನೆಲೆಯ ಗಮನ. ಹೆಸರುಗಳು ದೊಡ್ಡವು. ಆದರೆ ನಮ್ಮ ನರ್ಸ್ ಐದು ನಿಮಿಷದಲ್ಲಿ ಇವುಗಳಲ್ಲಿ ಹೆಚ್ಚಿನವನ್ನು ಮಾಡಿ ತೋರಿಸಿದ್ದರು.

ಹಾವು ಕಡಿದವನು ಹಗ್ಗ ಕಂಡರೂ ಹೆದರುತ್ತಾನೆಂಬ ಮಾತು ನಮ್ಮಲ್ಲಿದೆ. ವೇದಾಂತಿಗಳಿಗೂ ಹಗ್ಗ-ಹಾವಿನ ದೃಷ್ಟಾಂತ ಪ್ರಿಯವಾದುದು. ದೀಪ ತಂದರೆ ಹಾವು ಇಲ್ಲವಾಗಿ ಹಗ್ಗ ಉಳಿಯುತ್ತದೆ, ಭಯ ಹೋಗುತ್ತದೆ. ತತ್ವಕ್ಕೆ ಅದು ಸರಿ. ಶರೀರಕ್ಕೆ ಅಷ್ಟು ಸಾಲದು. ಮಿದುಳಿನೊಳಗೆ ಬಾದಾಮಿ ಬೀಜದಷ್ಟೇ ಇರುವ ಅಮಿಗ್ಡಲಾ ಎಂಬ ಭಾಗ ಅಪಾಯದ ಸುಳಿವನ್ನು, ನಾವು ಯೋಚಿಸಿ ನಿರ್ಧರಿಸುವ ಮೊದಲೇ ಹಿಡಿಯುತ್ತದೆ. ಅಡ್ರಿನಲಿನ್ ಹರಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಕೈಕಾಲು ಓಡಲು ಸಿದ್ಧವಾಗುತ್ತವೆ, ಇಲ್ಲವೇ ಮರಗಟ್ಟುತ್ತವೆ. ಒಮ್ಮೆ ನಿಜವಾಗಿ ಕಚ್ಚಿಸಿಕೊಂಡವನಲ್ಲಿ ಈ ಕಾವಲುಗಾರ ಸದಾ ಎಚ್ಚರ. ಮುಚ್ಚುವ ಬಾಗಿಲು, ಒಂದು ವಾಸನೆ, ಹಿಂದಿನಿಂದ ಬರುವ ಕೈ, ಇಷ್ಟೇ ಸಾಕು. ಆಗ 'ಅದು ಹಗ್ಗ ಕಣೋ ದಡ್ಡ' ಎಂದು ಗದರುವುದು ದೀಪ ತಂದಂತೆ ಆಗುವುದಿಲ್ಲ, ಅದು ಇನ್ನೊಂದು ಹೆಡೆ. ಆ ದಿನ ನಾನು ದೊಡ್ಡವ್ವನ ಮುಂದೆ ಎತ್ತಿದ್ದು ಅಂಥದೊಂದು ಹೆಡೆಯನ್ನೇ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಗಾಯವಾದವರಿಗೆ ಹೀಗೆ ನಡೆದುಕೊಳ್ಳಬೇಕು, ಸರಿ. ಗಾಯವಾದವರು ಯಾರೆಂದು ತಿಳಿಯುವುದು ಹೇಗೆ? ಸಾಲಿನಲ್ಲಿ ನಿಂತವರ ಮುಖದ ಮೇಲೆ ಬರೆದಿರುವುದಿಲ್ಲ. ಈ ಮುಂಬಯಿಯನ್ನೇ ನೋಡಿ. 1992-93ರ ಗಲಭೆ ಕಂಡವರಿದ್ದಾರೆ. 2006ರ ಜುಲೈ 11ರ ಲೋಕಲ್ ರೈಲಿನ ಸ್ಫೋಟಗಳಲ್ಲಿ ಬದುಕಿ ಉಳಿದವರಿದ್ದಾರೆ. 2020-21ರಲ್ಲಿ ತಮ್ಮವರನ್ನು ಆಸ್ಪತ್ರೆಯ ಬಾಗಿಲಿನಲ್ಲಿ ಬಿಟ್ಟು, ಮತ್ತೆ ಮುಖ ನೋಡಲಾಗದವರಿದ್ದಾರೆ. ಮನೆಯ ನಾಲ್ಕು ಗೋಡೆಗಳ ನಡುವೆ ಆದದ್ದನ್ನು ಯಾರಿಗೂ ಹೇಳದವರು ಇನ್ನೆಷ್ಟೋ. ಎಲ್ಲರೂ ಒಂದೇ ಬೆಂಚಿನ ಮೇಲೆ, ಕೈಯಲ್ಲಿ ಚೀಟಿ ಹಿಡಿದು ಕುಳಿತಿರುತ್ತಾರೆ.

ಇದಕ್ಕೆ ವೈದ್ಯಕೀಯದಲ್ಲೇ ಒಂದು ಹಳೆಯ ಪರಿಹಾರವಿದೆ. ಏಡ್ಸ್ ಕಾಣಿಸಿಕೊಂಡ ಕಾಲದಲ್ಲಿ ಯಾರ ರಕ್ತದಲ್ಲಿ ವೈರಸ್ ಇದೆಯೆಂದು ನೋಡಿ ಹೇಳುವಂತಿರಲಿಲ್ಲ. ಎಲ್ಲರನ್ನೂ ಪರೀಕ್ಷಿಸಿ, ಪ್ರಮಾಣಪತ್ರ ತಂದ ಮೇಲೆ ಚಿಕಿತ್ಸೆ ಎನ್ನುವಂತೆಯೂ ಇರಲಿಲ್ಲ. 1987ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಒಂದು ಸೂಚನೆ ಹೊರಡಿಸಿತು. ಪ್ರತಿಯೊಬ್ಬ ರೋಗಿಯ ರಕ್ತವನ್ನೂ ಸೋಂಕಿರಬಹುದಾದ ರಕ್ತವೆಂದೇ ಭಾವಿಸಿ ಕೈಗವಸು ಮುಂತಾದ ಎಚ್ಚರಿಕೆ ವಹಿಸಿ ಎಂಬುದು ಅದರ ಸಾರ. ಯಾರಿಗಿದೆ, ಯಾರಿಗಿಲ್ಲ ಎಂಬ ವಿಚಾರಣೆ ಬೇಡ. ಮನಸ್ಸಿನ ಗಾಯದ ವಿಷಯದಲ್ಲಿಯೂ ನ್ಯಾಯ ಇದೇ. ಪ್ರತಿಯೊಬ್ಬನಿಗೂ ಏನೋ ಆಗಿರಬಹುದೆಂದು ಭಾವಿಸಿ, ಎಲ್ಲರನ್ನೂ ಕೇಳಿ ಮುಟ್ಟುವುದು, ಹೇಳಿ ಮಾಡುವುದು. ಗಾಯವಿದ್ದವನಿಗೆ ಇದರಿಂದ ಪ್ರಾಣ ಉಳಿಯಬಹುದು. ಇಲ್ಲದವನಿಗೆ ನಷ್ಟವೇನು? ಒಂದಿಷ್ಟು ಮರ್ಯಾದೆ ಹೆಚ್ಚಾಗಿ ಸಿಕ್ಕಿತು, ಅಷ್ಟೇ.

ಇದರ ನೈತಿಕ ಬಲ ಇಲ್ಲಿಯೇ ಇದೆ. ದುಃಖಕ್ಕೆ ಸಾಕ್ಷ್ಯ ಕೇಳಿ ದಯೆ ತೋರಿಸುವುದು ಒಂದು ಕ್ರಮ. ಆ ಕ್ರಮದಲ್ಲಿ ದಯೆ ಪಡೆಯಲು ದುಃಖಿ ತನ್ನ ಗಾಯವನ್ನು ಬಿಚ್ಚಿ ತೋರಿಸಬೇಕು. ಬಿಚ್ಚಿ ತೋರಿಸುವುದೇ ಇನ್ನೊಂದು ಗಾಯ. ಬಿಚ್ಚಲಾರದವನಿಗೆ ಏನೂ ಇಲ್ಲ. ಸರ್ಕಾರಿ ಕಚೇರಿಯಲ್ಲಿ ಪಿಂಚಣಿಯ ಕಡತ ನೋಡುವ ನಾನು ಈ ಕ್ರಮವನ್ನು ಚೆನ್ನಾಗಿ ಬಲ್ಲೆ. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳೊಬ್ಬಳು ಮೂರು ಮೇಜುಗಳ ಮುಂದೆ ಮೂರು ಸಲ, ಹೇಗೆ ಸತ್ತರೆಂದು ಹೇಳಬೇಕಾಗುತ್ತದೆ. ಮೂರನೆಯ ಮೇಜು ನನ್ನದು. ಮೊದಲ ಸಲ ಹೇಳಿದ್ದನ್ನು ಕಡತದ ಮೇಲಿನ ಹಾಳೆಯಲ್ಲಿ ಬರೆದಿಟ್ಟರೆ ಉಳಿದಿಬ್ಬರು ಓದಿಕೊಳ್ಳಬಹುದೆಂದು ಹೊಳೆಯಲು ನನಗೆ ಹದಿನೈದು ವರ್ಷದ ಸರ್ವಿಸು ಬೇಕಾಯಿತು.

ಇದಕ್ಕೆ ಆಕ್ಷೇಪಗಳಿಲ್ಲದೆ ಇಲ್ಲ. ಮೊದಲನೆಯದು, ಸಮಯ. ದಿನಕ್ಕೆ ನೂರು ರೋಗಿಗಳನ್ನು ನೋಡುವ ಸಾರ್ವಜನಿಕ ಆಸ್ಪತ್ರೆಯಲ್ಲಿ ಇದೆಲ್ಲ ಸಾಧ್ಯವೆ? ಪ್ರಶ್ನೆ ನ್ಯಾಯವಾದದ್ದು. ಆ ತರುಣ ಟೆಕ್ನಿಶಿಯನ್ ಕೆಟ್ಟವನಲ್ಲ, ದಣಿದವನು. ಅವನ ಹಿಂದೆ ಇನ್ನೊಬ್ಬ ಸಹಾಯಕಿ ಇದ್ದಿದ್ದರೆ ಅವನೂ ಆ ದಿನ ಅವಮಾನದಿಂದ ಉಳಿಯುತ್ತಿದ್ದ. ಆರೈಕೆ ಮಾಡುವವರ ಗಾಯವನ್ನೂ ಈ ವಿಚಾರಧಾರೆ ಮರೆಯುವುದಿಲ್ಲ. ಕೋವಿಡ್ ಕಾಲದಲ್ಲಿ ನರ್ಸುಗಳು, ವಾರ್ಡ್‌ಬಾಯ್‌ಗಳು ಕಂಡದ್ದನ್ನು ಅವರಿಂದ ಯಾರು ಕೇಳಿದ್ದಾರೆ? ಆದರೂ ಲೆಕ್ಕ ಹಾಕಿ ನೋಡಿ. ಒಂದು ಕಡೆ ಎರಡು ನಿಮಿಷದ ಮಾತು ಉಳಿಸಲು ಹೋಗಿ ಹನ್ನೊಂದು ದಿನ ಕಳೆದವು. ಇನ್ನೊಂದು ಕಡೆ ಎರಡು ನಿಮಿಷ ಮಾತಾಡಿದ್ದರಿಂದ ಐದು ನಿಮಿಷದಲ್ಲಿ ಕೆಲಸ ಮುಗಿಯಿತು.

ಎರಡನೆಯ ಆಕ್ಷೇಪ ನಮ್ಮ ಹಿರಿಯರದು. ಹಳೆಯದನ್ನು ಕೆದಕಬಾರದು, ಮರೆವೇ ಮದ್ದು ಎನ್ನುತ್ತಾರೆ. ಇದರಲ್ಲಿ ಅರ್ಧ ಸತ್ಯವಿದೆ. ದುರಂತ ನಡೆದ ಕೂಡಲೇ ಎಲ್ಲರನ್ನೂ ಕೂರಿಸಿ ಆದದ್ದನ್ನೆಲ್ಲ ಹೇಳಿಸುವ ಪದ್ಧತಿಯೊಂದು ಪಶ್ಚಿಮದಲ್ಲಿತ್ತು. ಅದರಿಂದ ಪ್ರಯೋಜನವಿಲ್ಲ, ಕೆಲವರಿಗೆ ಹಾನಿಯೂ ಆದೀತೆಂದು ಸಂಶೋಧನೆಗಳು ತೋರಿಸಿದವು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಕೈಪಿಡಿಯಲ್ಲಿ, ಹೇಳೆಂದು ಒತ್ತಾಯಿಸದೆ, ಹೇಳಿದರೆ ಕೇಳಿಸಿಕೊಂಡು, ನೀರು, ನೆರಳು, ತಮ್ಮವರ ಸುದ್ದಿ ಇವುಗಳನ್ನು ಮೊದಲು ಒದಗಿಸಬೇಕೆಂಬ ಮಾರ್ಗವಿದೆ. ಆದುದರಿಂದ ಕೆದಕುವುದು ಆಘಾತದ ಅರಿವುಳ್ಳ ಆರೈಕೆಯಲ್ಲ. ಆದರೆ 'ಮರೆತುಬಿಡು' ಎಂದು ಅಪ್ಪಣೆ ಮಾಡುವುದೂ ಒಂದು ಒತ್ತಾಯವೇ. ಮಾತಾಡುವುದೂ ಮೌನವಾಗಿರುವುದೂ ಗಾಯಗೊಂಡವನ ಸ್ವಾತಂತ್ರ್ಯ. ಸ್ಯಾನ್ ಡಿಯಾಗೋದ ಅಂಕಿಗಳನ್ನು ಹಿಡಿದು ಒಬ್ಬೊಬ್ಬರಿಗೂ ಬಾಲ್ಯದ ಕಷ್ಟಕ್ಕೆ ಅಂಕ ಕೊಟ್ಟು ಭವಿಷ್ಯ ಹೇಳುವವರು ಹುಟ್ಟಿಕೊಂಡಾಗ, ಅದು ತಪ್ಪು ಬಳಕೆಯೆಂದು 2020ರಲ್ಲಿ ಎಚ್ಚರಿಸಿದವರಲ್ಲಿ ಆಂಡಾ ಅವರೇ ಒಬ್ಬರು. ಸಮೂಹದ ಲೆಕ್ಕ ವ್ಯಕ್ತಿಯ ಹಣೆಬರಹವಲ್ಲ. ಕಷ್ಟ ಕಂಡ ಎಷ್ಟೋ ಜನ ಚೆನ್ನಾಗಿ ಬಾಳಿದ್ದಾರೆ.

ಮೂರನೆಯ ಆಕ್ಷೇಪ ಸ್ವಲ್ಪ ಸೂಕ್ಷ್ಮವಾದುದು. ದಯೆ ಹೃದಯದಿಂದ ಬರಬೇಕು, ನಿಯಮದಿಂದ ಬಂದದ್ದು ದಯೆಯೆ? ಗೋಡೆಗೆ ಅಂಟಿಸಿದ ಸೂಚನೆ ಓದಿ 'ಮುಟ್ಟಲೇ?' ಎಂದು ಕೇಳಿದರೆ ಅದು ನಾಟಕವಲ್ಲವೆ? ಹನ್ನೆರಡನೆಯ ಶತಮಾನದ ನಮ್ಮ ಶರಣರು ದಯೆಯನ್ನು ಧರ್ಮದ ತಳಹದಿಯಾಗಿ ಕಂಡರು. ಅದನ್ನು ಸುತ್ತೋಲೆಯ ಮಟ್ಟಕ್ಕೆ ಇಳಿಸುವುದೆ? ಕಾಂಟ್ ಎಂಬ ಜರ್ಮನ್ ದಾರ್ಶನಿಕ 1785ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೆ ಹತ್ತಿರದ ಪ್ರಶ್ನೆಯನ್ನು ಚರ್ಚಿಸಿದ್ದಾನೆ. ಸ್ವಭಾವದಿಂದ ಕರುಣಾಳುವಾದವನು ಉಪಕಾರ ಮಾಡಿದರೆ ಸಂತೋಷವೇ. ಆದರೆ ತನ್ನ ದುಃಖದಲ್ಲಿ ಮನಸ್ಸು ಬತ್ತಿಹೋದವನೊಬ್ಬ, ಕರ್ತವ್ಯವೆಂದು ತಿಳಿದು ಅದೇ ಉಪಕಾರ ಮಾಡಿದರೆ ಅದರ ನೈತಿಕ ಬೆಲೆ ಹೆಚ್ಚು ಎಂಬುದು ಅವನ ವಾದ. ಅಷ್ಟು ದೂರ ನಾನು ಹೋಗಲಾರೆ. ಆದರೆ ಇಷ್ಟು ಹೇಳಬಲ್ಲೆ. ದಯೆಯನ್ನು ಒಬ್ಬೊಬ್ಬರ ಮನಸ್ಸಿನ ಹದಕ್ಕೆ ಬಿಟ್ಟರೆ, ಬೆಳಿಗ್ಗೆ ಬಂದ ರೋಗಿಗೆ ಸಿಕ್ಕಿದ್ದು ಮಧ್ಯಾಹ್ನ ಬಂದವನಿಗೆ ಸಿಗುವುದಿಲ್ಲ. ಬಡವನಿಗೆ, ಭಾಷೆ ಬಾರದವನಿಗೆ, ಹಳ್ಳಿಯವನಿಗೆ ಕೊನೆಗೆ ಸಿಗುತ್ತದೆ, ಅಥವಾ ಸಿಗುವುದೇ ಇಲ್ಲ. ನಿಯಮವೆಂದರೆ ದಣಿದ ಹೊತ್ತಿನಲ್ಲಿಯೂ ಕೈಬಿಡದ ದಯೆ. ಮಕ್ಕಳಿಗೆ ಮೊದಲು ಕೈ ಮುಗಿಯಲು ಕಲಿಸುತ್ತೇವೆ, ಭಕ್ತಿ ಆಮೇಲೆ ಬರುತ್ತದೆ. ಬಾರದಿದ್ದರೂ ಎದುರಿನವನಿಗೆ ಗೌರವವಂತೂ ಸಂದಿರುತ್ತದೆ.

ನಮ್ಮ ದೇಶದಲ್ಲಿ ಇಂಥ ನಿಯಮಗಳು ಬಂದೇ ಇಲ್ಲವೆಂದು ತಿಳಿಯಬೇಕಾಗಿಲ್ಲ. 1984ರ ಡಿಸೆಂಬರ್ 2-3ರ ರಾತ್ರಿ ಭೋಪಾಲದಲ್ಲಿ ವಿಷಾನಿಲ ಸೋರಿದ ಮೇಲೆ ಕಣ್ಣು, ಶ್ವಾಸಕೋಶಗಳ ಚಿಕಿತ್ಸೆಯದೇ ಗಡಿಬಿಡಿ. ಬದುಕಿ ಉಳಿದವರ ಮನಸ್ಸಿಗೂ ಪೆಟ್ಟಾಗಿದೆಯೆಂದು ಮನಗಂಡು 1985ರಲ್ಲಿ ಅಲ್ಲಿನ ಸಾಮಾನ್ಯ ವೈದ್ಯರಿಗೆ ತರಬೇತಿ ಕೊಟ್ಟವರು ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಆರ್. ಶ್ರೀನಿವಾಸಮೂರ್ತಿ, ಡಾ. ಮೋಹನ್ ಐಸಾಕ್ ಮತ್ತು ಸಂಗಡಿಗರು. ಮನೋವೈದ್ಯರು ಬೆರಳೆಣಿಕೆಯಷ್ಟಿರುವ ದೇಶದಲ್ಲಿ ಸಾಮಾನ್ಯ ವೈದ್ಯರೇ ಈ ಗಾಯವನ್ನು ಗುರುತಿಸಲು ಕಲಿಯಬೇಕೆಂಬುದು ಆಗ ಸ್ಪಷ್ಟವಾಯಿತು. 2000ದಲ್ಲಿ ನಮ್ಮ ಮುಂಬಯಿಯ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ಮಹಾನಗರಪಾಲಿಕೆ ಮತ್ತು ಸೆಹತ್ ಸಂಸ್ಥೆ ಕೂಡಿ 'ದಿಲಾಸಾ' ಎಂಬ ಕೇಂದ್ರ ತೆರೆದವು. ಮನೆಯಲ್ಲಿ ಹೊಡೆತ ತಿಂದ ಹೆಣ್ಣುಮಕ್ಕಳು ಆಸ್ಪತ್ರೆಗೆ ಬಂದು 'ಬಿದ್ದೆ' ಎನ್ನುವುದು ಹೊಸದಲ್ಲ. ಆ 'ಬಿದ್ದೆ'ಯ ಹಿಂದಿನದನ್ನು ಗುರುತಿಸಲು ಸಿಬ್ಬಂದಿಗೆ ಕಲಿಸಿ, ಅಲ್ಲಿಯೇ ಆಪ್ತ ಸಲಹೆ ದೊರೆಯುವಂತೆ ಮಾಡಿದರು. ಮುಂದೆ ಇದು ನಗರದ ಬೇರೆ ಆಸ್ಪತ್ರೆಗಳಿಗೂ ಹಬ್ಬಿತು.

ಕಾನೂನೂ ನಿಧಾನವಾಗಿ ಇದೇ ದಾರಿ ಹಿಡಿದಿದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಮೇಲೆ ನಡೆಸುತ್ತಿದ್ದ ಎರಡು ಬೆರಳಿನ ಪರೀಕ್ಷೆ ಅವರ ಗೌರವಕ್ಕೆ ಧಕ್ಕೆಯೆಂದು 2013ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2014ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಅದನ್ನು ನಿಷೇಧಿಸಿ, ತಪಾಸಣೆಯ ಪ್ರತಿ ಹಂತಕ್ಕೂ ಒಪ್ಪಿಗೆ ಪಡೆಯಬೇಕು, ಬೇಡವೆನ್ನುವ ಹಕ್ಕು ಇದೆ, ಬೇಡವೆಂದರೂ ಚಿಕಿತ್ಸೆ ನಿರಾಕರಿಸಬಾರದು ಎಂದು ಮಾರ್ಗಸೂಚಿ ಹೊರಡಿಸಿತು. ಆದರೂ ನಿಲ್ಲಲಿಲ್ಲವೆಂದೇ 2022ರಲ್ಲಿ ಕೋರ್ಟು, ಆ ಪರೀಕ್ಷೆ ನಡೆಸುವವರು ದುರ್ನಡತೆಯ ತಪ್ಪಿತಸ್ಥರೆಂದು ಸಾರಬೇಕಾಯಿತು. 2017ರ ಮಾನಸಿಕ ಆರೋಗ್ಯ ಕಾಯಿದೆ ಮನೋರೋಗಿಗಳನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿತು. ತಮಿಳುನಾಡಿನ ಎರ್ವಾಡಿಯಲ್ಲಿ 2001ರಲ್ಲಿ ಸರಪಳಿ ಬಿಗಿದಿದ್ದ ರೋಗಿಗಳು ಬೆಂಕಿಯಿಂದ ಓಡಲಾಗದೆ ಸತ್ತದ್ದನ್ನು ಮರೆಯುವಂತಿಲ್ಲ. ಅದೇ ಕಾಯಿದೆಯ 115ನೆಯ ಕಲಮು ಇನ್ನೊಂದು ಮಾತು ಹೇಳುತ್ತದೆ. ಆತ್ಮಹತ್ಯೆಗೆ ಯತ್ನಿಸಿದವನು ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು, ಹಾಗಲ್ಲವೆಂದು ರುಜುವಾತಾದ ಹೊರತು ಶಿಕ್ಷಿಸಬಾರದು. ನೋಡಿ, ಇಲ್ಲಿ ದುಃಖಿ ತನ್ನ ದುಃಖಕ್ಕೆ ಸಾಕ್ಷ್ಯ ತರಬೇಕಾಗಿಲ್ಲ. ದುಃಖವಿದೆ ಎಂದೇ ಕಾನೂನು ಮೊದಲು ನಂಬುತ್ತದೆ. ಆ ನರ್ಸ್ ನಂಬಿದ್ದೂ ಹೀಗೆಯೇ.

ಊರು ಬಿಟ್ಟು ಬಂದ ನಮ್ಮ ಕುಟುಂಬಗಳಿಗೆ ಇದರಲ್ಲಿ ವಿಶೇಷವಾದ ಪಾಠವಿದೆ. ಊರಿನಿಂದ ಬಂದ ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ದಾಗ ದುಭಾಷಿಗಳಾಗುವವರು ನಾವೇ, ಒಮ್ಮೊಮ್ಮೆ ಶಾಲೆಗೆ ಹೋಗುವ ನಮ್ಮ ಮಕ್ಕಳು. ಮೊದಲ ಆಸ್ಪತ್ರೆಯ ಡಾಕ್ಟರು ದೊಡ್ಡವ್ವನಿಗೆ ಎಷ್ಟು ಹೆರಿಗೆ, ಗರ್ಭ ಇಳಿದದ್ದುಂಟೆ ಎಂದು ಕೇಳಿದಾಗ ನಾನು ನಾಚಿಕೊಂಡು ಅರ್ಧ ಪ್ರಶ್ನೆ ನುಂಗಿದೆ. ಅವಳು ನನ್ನ ಮುಖ ನೋಡಿ ಅರ್ಧ ಉತ್ತರ ನುಂಗಿದಳು. ಡಾಕ್ಟರು ಬರೆದುಕೊಂಡದ್ದು ಉಳಿದ ಕಾಲುಭಾಗ. ಹೆಂಗಸರಿಗೆ ಹೆಂಗಸರು, ಮನೆಯವರಲ್ಲದ ಕನ್ನಡ ಬಲ್ಲವರು ಜೊತೆ ಹೋಗುವಂತೆ ಒಂದು ಪಟ್ಟಿ ನಮ್ಮ ಸಂಘದಲ್ಲಿ ಏಕಿರಬಾರದು? ವಾರಕ್ಕೆ ಅರ್ಧ ದಿನ ಕೊಡಬಲ್ಲ ನಿವೃತ್ತರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಇನ್ನೊಂದು ಮಾತು. ಹತ್ತು ಹನ್ನೆರಡನೆಯ ವಯಸ್ಸಿಗೇ ಕರಾವಳಿಯಿಂದ ಈ ಊರಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದ ಹಿರಿಯರ ಕಥೆಗಳು ನಮ್ಮ ಸಮಾರಂಭಗಳಲ್ಲಿ ಕೇಳಿಬರುತ್ತವೆ. ನಾವು ಚಪ್ಪಾಳೆ ತಟ್ಟುತ್ತೇವೆ, ತಟ್ಟಲೇಬೇಕು. ಆದರೆ ತಾಯಿಯನ್ನು ಬಿಟ್ಟು ಬಂದ ಆ ಹುಡುಗ ಹೋಟೆಲಿನ ಬೆಂಚಿನ ಮೇಲೆ ಮಲಗಿದ ರಾತ್ರಿಗಳನ್ನು ಯಾರೂ ಕೇಳಿಲ್ಲ. ಎಪ್ಪತ್ತರ ವಯಸ್ಸಿನಲ್ಲಿ ಆಸ್ಪತ್ರೆಯ ಮಂಚದ ಮೇಲೆ ದೀಪ ಆರಿಸಬೇಡಿ ಎಂದು ಅವರು ಮಗುವಿನಂತೆ ಹಟ ಮಾಡಿದರೆ, ಅರುಳುಮರುಳು ಎಂದು ನಗಬೇಡಿ. ದೀಪ ಉರಿಯಲಿ ಬಿಡಿ.

ವೈದ್ಯರಿಗೆ, ನರ್ಸುಗಳಿಗೆ ಬುದ್ಧಿ ಹೇಳಲು ನಾನು ಯಾರು? ಆದರೆ ರೋಗಿಯ ಜೊತೆ ಹೋಗುವವರಾಗಿ ನಾವು ಮಾಡಬಹುದಾದದ್ದಿದೆ. ಒಳಗೆ ಹೋಗುವ ಮೊದಲೇ, 'ಏನು ಮಾಡುವಿರೆಂದು ದಯವಿಟ್ಟು ಮೊದಲು ಹೇಳಿ' ಎಂದು ಕೇಳಬಹುದು. ಹೆಂಗಸರ ತಪಾಸಣೆಗೆ ಹೆಣ್ಣು ಸಿಬ್ಬಂದಿ ಇರಲಿ ಎನ್ನಬಹುದು. ಹೆರಿಗೆ ಕೋಣೆಯಲ್ಲಿ ಜೊತೆಗೊಬ್ಬರು ಇರಲು ಸಾರ್ವಜನಿಕ ಆಸ್ಪತ್ರೆಗಳಲ್ಲಿ 2016ರಲ್ಲಿಯೇ ಕೇಂದ್ರ ಸರ್ಕಾರ ಒಪ್ಪಿದೆಯೆಂದು ನೆನಪಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮವರು ಹೆದರಿದಾಗ ನಾಲ್ಕು ಜನರ ಮುಂದೆ ನಮ್ಮ ಮಾನದ ಚಿಂತೆ ಬಿಟ್ಟು ಅವರ ಪಕ್ಕದಲ್ಲಿ ನಿಲ್ಲಬಹುದು.

ದೊಡ್ಡವ್ವ ಈಗಲೂ ವರ್ಷಕ್ಕೊಮ್ಮೆ ತಪಾಸಣೆಗೆ ಬರುತ್ತಾಳೆ. ಅದೇ ಸಣ್ಣ ಆಸ್ಪತ್ರೆಗೇ ಹೋಗಬೇಕೆನ್ನುತ್ತಾಳೆ. ಕಳೆದ ಸಲ ಹೊರಗೆ ಬೆಂಚಿನ ಮೇಲೆ ಕುಳಿತಿದ್ದಾಗ, ಆ ದಿನ ಗದರಿದ್ದಕ್ಕೆ ತಪ್ಪಾಯಿತೆಂದು ಹೇಳಿದೆ. ಅಷ್ಟು ವರ್ಷ ಬೇಕಾಯಿತು ಆ ಒಂದು ಮಾತಿಗೆ. ಅವಳು ನನ್ನ ಕೈಮೇಲೆ ಕೈಯಿಟ್ಟು, "ನಿನಗೇನ್ ಗೊತ್ತಿತ್ತೋ ತಮ್ಮಾ" ಎಂದಳು. ನಿಜ, ನನಗೆ ಗೊತ್ತಿರಲಿಲ್ಲ. ಗೊತ್ತಿರಲೇಬೇಕೆಂದೂ ಇರಲಿಲ್ಲ ಎಂಬುದನ್ನೇ ಆ ನರ್ಸ್ ನನಗೆ ಕಲಿಸಿದ್ದು.